ಬಳ್ಳಾರಿಯ ಕಫ, ಪೋಲೆಂಡಿನ ಕಂಪ್ಯೂಟರು

ತಪಾಸಣೆಯ ಸಾಲು

ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಒಬ್ಬ ಹೆಣ್ಣುಮಗಳು ನನ್ನ ಕೈಚೀಲದಿಂದ ಮರದ ಪೆಟ್ಟಿಗೆಗಳನ್ನು ಹೊರತೆಗೆದಳು. ಒಂದರ ಮುಚ್ಚಳ ಎತ್ತಿ, ಒಳಗೆ ಸಾಲಾಗಿ ನಿಂತ ಗಾಜಿನ ಪಟ್ಟಿಗಳನ್ನು ನೋಡಿ, ‘ಏನಿದು ಮೇಡಂ?’ ಎಂದಳು.

‘ಕಫ’ ಎಂದೆ.

ಅವಳ ಕೈ ತಾನಾಗಿಯೇ ಹಿಂದಕ್ಕೆ ಸರಿಯಿತು. ಮದ್ಯಸಾರದಲ್ಲಿ ಅದ್ದಿ ಒಣಗಿಸಿದ್ದು, ರೋಗ ಹರಡುವಂಥದ್ದು ಏನೂ ಉಳಿದಿಲ್ಲ ಎಂದು ಹೇಳಿದೆ, ಕಾಗದಪತ್ರ ತೋರಿಸಿದೆ. ಅವಳ ಮೇಲಿನವರು ಬಂದರು, ಅವರ ಮೇಲಿನವರೂ ಬಂದರು. ಯಾರೂ ಪೆಟ್ಟಿಗೆಯನ್ನು ಮುಟ್ಟಲಿಲ್ಲ. ಅವರಲ್ಲಿ ಹಿರಿಯರಾದವರು ಮಾತ್ರ, ‘ಅಷ್ಟು ದೂರ ಹೊತ್ತುಕೊಂಡು ಹೋಗುವಂಥದ್ದು ಇದರಲ್ಲೇನಿದೆ?’ ಎಂದು ಕೇಳಿದರು.

‘ಅಲ್ಲಿನವರು ಇದನ್ನ ಕಸ ಅಂದಿದ್ದಾರೆ. ಅಲ್ಲ ಅಂತ ಹೇಳೋಕೆ ಹೋಗ್ತಿದ್ದೀನಿ.’

ಅವರು ನನ್ನ ಮುಖ ನೋಡಿ ದಾರಿ ಬಿಟ್ಟರು. ಶೇಂಗಾ ಚಟ್ನಿಪುಡಿಯನ್ನು ಮಾತ್ರ ಬಹಳ ಹೊತ್ತು ಮೂಸಿ ನೋಡಿದರು.

ನಾನು ಬಳ್ಳಾರಿಯ ಒಂದು ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತೇನೆ. ಸೂಕ್ಷ್ಮದರ್ಶಕದಲ್ಲಿ ಜೀವಕೋಶ ನೋಡಿ ರೋಗ ಹೇಳುವುದು ನನ್ನ ಕಸುಬು. ಹುಟ್ಟಿದ್ದು ಕುರುಗೋಡು. ಹಲವು ದೇಶಗಳ ಪ್ರಯೋಗಾಲಯಗಳು ಸೇರಿಕೊಂಡು, ಕಫದ ಚಿತ್ರಗಳನ್ನು ನೋಡಿ ಶ್ವಾಸಕೋಶದ ಕಾಯಿಲೆಯನ್ನು ಬೇಗನೆ ಗುರುತಿಸುವುದನ್ನು ಕಂಪ್ಯೂಟರಿಗೆ ಕಲಿಸುವ ಕೆಲಸ ಹಿಡಿದಿದ್ದವು. ನಾವೂ ಸೇರಿದೆವು. ಬಳ್ಳಾರಿಯ ರೈಲು ಸೈಡಿಂಗಿನಲ್ಲಿ ಗೂಡ್ಸ್ ಗಾಡಿಗೆ ಕಬ್ಬಿಣದ ಅದಿರು ತುಂಬಿದವರು, ಕುರುಗೋಡಿನ ಕಲ್ಲು ಕ್ರಷರಿನವರು, ಸಿರುಗುಪ್ಪದ ಅಕ್ಕಿ ಗಿರಣಿಯ ಹೆಣ್ಣುಮಕ್ಕಳು, ಇವರೆಲ್ಲ ನಮಗಾಗಿ ಕೆಮ್ಮಿದರು. ನಾವು ಅದನ್ನು ಗಾಜಿನ ಪಟ್ಟಿಗೆ ಸವರಿ ಸ್ಲೈಡು ಮಾಡಿ, ಚಿತ್ರ ತೆಗೆದು ಕಳಿಸಿದೆವು.

ಬಂದ ಉತ್ತರ ಬಹಳ ವಿನಯದ್ದು. ಬಳ್ಳಾರಿಯ ಬಹುಪಾಲು ಚಿತ್ರಗಳಲ್ಲಿ ಕಪ್ಪು ಚುಕ್ಕೆಗಳಿವೆ, ಸ್ಲೈಡು ಕೊಳಕಾಗಿದೆ ಎಂದು ಕಂಪ್ಯೂಟರು ಅವನ್ನು ಹೊರಗೆ ಹಾಕಿದೆ. ಸ್ಲೈಡನ್ನು ಶುಚಿಯಾಗಿ ತಯಾರಿಸುವುದನ್ನು ಕಲಿಯಲು ನಿಮ್ಮಲ್ಲೊಬ್ಬರು ಪೋಲೆಂಡಿನ ಕಟೊವಿತ್ಸೆಗೆ ಬರಬಹುದು.

ಕಲಿಯಲು! ಆ ಚುಕ್ಕೆಗಳು ಸ್ಲೈಡಿನ ಮೇಲಿಲ್ಲ, ಕೋಶದ ಒಳಗಿವೆ ಎಂದು ಬರೆದೆ. ಚಿತ್ರ ಸಮೇತ ಬರೆದೆ. ಅದಕ್ಕೆ ಉತ್ತರ ಬರಲಿಲ್ಲ, ಟಿಕೆಟ್ಟು ಬಂತು. ಸರಿ, ಬರುತ್ತೇನೆ, ಆದರೆ ಕಲಿಯಲು ಅಲ್ಲ ಎಂದುಕೊಂಡೆ.

ಹೊರಡುವ ದಿನ ಬಸ್ ನಿಲ್ದಾಣಕ್ಕೆ ನನ್ನ ಸೋದರಮಾವ ದೊಡ್ಡಬಸಪ್ಪ ಬಂದಿದ್ದರು. ಹರೆಯವನ್ನೆಲ್ಲ ಅದಿರು ತುಂಬುವುದರಲ್ಲಿ ಕಳೆದು, ಈಗ ಕುರುಗೋಡಿನಲ್ಲಿ ಕಟ್ಟೆಯ ಮೇಲೆ ಕೂತು ಕೆಮ್ಮುವ ಮನುಷ್ಯ. ಅವರ ಕಫವೂ ಪೆಟ್ಟಿಗೆಯಲ್ಲಿತ್ತು.

‘ಏನವ್ವಾ ಲೀಲಾ, ನಮ್ಮ ಕೆಮ್ಮಿಗೆ ಪಾಸ್‌ಪೋರ್ಟ್ ಸಿಕ್ತು, ನಮಗ ಸಿಗಲಿಲ್ಲ ನೋಡು’ ಎಂದು ನಕ್ಕರು. ನಕ್ಕಿದ್ದಕ್ಕೆ ಕೆಮ್ಮು ಬಂತು. ಬಸ್ಸು ಹೊರಡುವವರೆಗೂ ನಿಲ್ಲಲಿಲ್ಲ.

ಬೇರೆಯವರ ಕೋಟು

ಕಟೊವಿತ್ಸೆಯಲ್ಲಿ ಇಳಿದಾಗ ಪೆಟ್ಟಿಗೆಗಳು ಕೈಯಲ್ಲಿದ್ದವು. ಸ್ವೆಟರು, ಶಾಲು, ಕೋಟು ತುಂಬಿದ ಸೂಟ್‌ಕೇಸು ಮಾತ್ರ ಬೇರೆ ಯಾವುದೋ ದೇಶಕ್ಕೆ ಹೋಗಿತ್ತು. ಹೊರಗೆ ಹಿಮ ಬಿದ್ದು, ಕರಗಿ, ಮತ್ತೆ ಗಟ್ಟಿಯಾಗಿತ್ತು. ನಲವತ್ತು ಡಿಗ್ರಿಯಲ್ಲಿ ಮಿರ್ಚಿ ತಿನ್ನುವ ಊರಿನವಳು ಹತ್ತಿಯ ಚೂಡಿದಾರದಲ್ಲಿ ನಿಂತಿದ್ದೆ.

ನಾನು ಉಳಿದುಕೊಂಡ ಮನೆಯ ಯಜಮಾನಿ ಉರ್ಶುಲಾ, ಎಪ್ಪತ್ತು ದಾಟಿದ ವಿಧವೆ. ಬಾಗಿಲಲ್ಲಿ ನನ್ನನ್ನು ಕಂಡೊಡನೆ ಏನೋ ಗದರಿ, ಚಪ್ಪಲಿ ಬಿಡಿಸಿ, ಅತಿಥಿಗಳಿಗೆಂದೇ ಇಟ್ಟ ಉಣ್ಣೆಯ ಚಪ್ಪಲಿ ತೊಡಿಸಿದರು. ಹೊಸ್ತಿಲ ಹೊರಗೆ ಚಪ್ಪಲಿ ಬಿಡುವುದು ನಮ್ಮಲ್ಲೂ ಉಂಟು. ಒಳಗೆ ಹೋಗಲು ಬೇರೊಂದು ಜೊತೆ ಕೊಡುವ ಉಪಚಾರ ಹೊಸದು. ಆಮೇಲೆ ಕಪಾಟಿನಿಂದ ಗಂಡಸರ ದೊಡ್ಡ ಕೋಟು ತಂದು ಹೆಗಲಿಗೆ ಹಾಕಿದರು. ಅವರ ಗಂಡನದಂತೆ. ತೋಳು ನನ್ನ ಬೆರಳುಗಳನ್ನೂ ದಾಟಿ ಇಳಿಯುತ್ತಿತ್ತು. ಸೂಟ್‌ಕೇಸು ಬರುವವರೆಗೆ ಅದೇ ನನ್ನ ಉಡುಪು.

ನಮ್ಮಿಬ್ಬರ ನಡುವೆ ಮಾತಿಗೆ ಇದ್ದದ್ದು ನನ್ನ ಫೋನಿನ ಅನುವಾದಕ. ಅವರು ಮಾತಾಡಿದರೆ ಅದು, ‘ಆಡಿನ ಛಾವಣಿ ಬೇಯುತ್ತಿದೆ’ ಎಂಬಂಥದ್ದನ್ನು ಹೇಳುತ್ತಿತ್ತು. ಉರ್ಶುಲಾ ಆಡುವುದು ಪುಸ್ತಕದ ಪೋಲಿಷ್ ಅಲ್ಲ, ಆ ಗಣಿಸೀಮೆಯ ಸಿಲೇಸಿಯನ್ ಎಂದು ಆಮೇಲೆ ತಿಳಿಯಿತು. ನನ್ನ ಕಥೆಯೂ ಅದೇ. ‘ಚಾ ಕುಡದೀನ್ರಿ, ಸಾಕ್ರಿ’ ಎಂದರೆ ಫೋನು ಬಾಯಿ ಬಿಡಲಿಲ್ಲ. ವಾರ್ತೆ ಓದುವವಳಂತೆ, ‘ನಾನು ಚಹಾ ಕುಡಿದಿದ್ದೇನೆ, ಸಾಕು’ ಎಂದಾಗ ಅದಕ್ಕೆ ಚಕ್ಕನೆ ಅರ್ಥವಾಯಿತು. ಅವರೂ ಬೆನ್ನು ನೆಟ್ಟಗೆ ಮಾಡಿ ಶಾಲೆಯ ಪೋಲಿಷ್ ಆಡಿದರು. ಅನುವಾದ ಸರಿಯಾಗಿ ಬಂತು: ‘ಈ ಫೋನು ರಾಜಧಾನಿ ವಾರ್ಸಾದವರದು. ನಮ್ಮ ಮಾತು ಅದಕ್ಕೆ ತಿಳಿಯುವುದಿಲ್ಲ.’

ಬೆಳಿಗ್ಗೆ ಪ್ರಯೋಗಾಲಯಕ್ಕೆ ನಡೆದೆ. ಗಾಳಿಯಲ್ಲಿ ಕಲ್ಲಿದ್ದಲ ಒಲೆಗಳ ಹೊಗೆ. ಮೂಗು ಒರೆಸಿದ ಕರವಸ್ತ್ರ ಕಪ್ಪಾಯಿತು. ಪರದೇಶದಲ್ಲಿ ಮೊದಲ ಸಲ ಗುರುತಿನವರು ಸಿಕ್ಕಂತಾಯಿತು.

ಒಂದು ಚೌಕದಲ್ಲಿ ಕೆಂಪು ದೀಪವಿತ್ತು. ಕಣ್ಣು ಹಾಯುವಷ್ಟು ದೂರ ಒಂದೂ ವಾಹನವಿಲ್ಲ, ಆದರೂ ಜನ ಗೊಂಬೆಗಳಂತೆ ನಿಂತಿದ್ದರು. ನಮ್ಮ ಬಳ್ಳಾರಿಯ ರಾಯಲ್ ಸರ್ಕಲ್ಲಿನಲ್ಲಿ ಹಸಿರು ಬಿದ್ದರೂ ಎರಡೂ ಕಡೆ ನೋಡಿ ಓಡಬೇಕು. ಮೊದಲೇ ಸಿಟ್ಟಿನಲ್ಲಿದ್ದವಳು, ದಾಟಿಯೇ ಬಿಟ್ಟೆ. ಹಸಿರು ಬಿದ್ದ ಮೇಲೆ ಒಬ್ಬ ಮುದುಕ ಹಿಂದೆ ಬಂದು ಪೋಲಿಷಿನಲ್ಲಿ ಬಯ್ದ. ನಾನು ಕನ್ನಡದಲ್ಲಿ ಬಯ್ದೆ. ಇಬ್ಬರಿಗೂ ಸಮಾಧಾನವಾದ ಮೇಲೆ ನಮ್ಮ ನಮ್ಮ ದಾರಿ ಹಿಡಿದೆವು.

ಶುಚಿಯ ಪಾಠ

ಈ ಯೋಜನೆಯ ಮುಖ್ಯಸ್ಥ ಮಾರೆಕ್. ಅದೇ ಊರಿನವನು, ನನಗಿಂತ ಒಂದೆರಡು ವರ್ಷ ದೊಡ್ಡವನಿರಬೇಕು. ಕೆಟ್ಟವನಲ್ಲ. ಗಾಜಿನ ಲೋಟದಲ್ಲಿ ನಿಂಬೆಹೋಳು ಹಾಕಿದ ಚಹಾ ಕೊಟ್ಟು, ನನ್ನ ದೊಡ್ಡ ಕೋಟನ್ನು ನೋಡಿಯೂ ನೋಡದಂತೆ ಇದ್ದ. ನಮ್ಮ ಮಾತೆಲ್ಲ ಇಂಗ್ಲಿಷಿನಲ್ಲಿ.

‘ಬಳ್ಳಾರಿಯ ಒಂದು ಚಿತ್ರ ನೋಡೋಣ’ ಎಂದು ತಿರಸ್ಕರಿಸಿದ ಕಡತದಿಂದ ಯಾವುದೋ ಒಂದನ್ನು ಗೋಡೆಯಷ್ಟು ದೊಡ್ಡ ಪರದೆಯ ಮೇಲೆ ತೆರೆದ. ಮೂಲೆಯಲ್ಲಿದ್ದ ಗುರುತಿನ ಸಂಖ್ಯೆ ನೋಡಿದೆ. ಅದು ದೊಡ್ಡಬಸಪ್ಪ ಮಾವನದು.

‘ನೋಡಿ, ಎಷ್ಟು ಧೂಳು. ಇಲ್ಲಿ, ಇಲ್ಲಿ, ಇಲ್ಲಿ’ ಎಂದು ಬೆಳಕಿನ ಕಡ್ಡಿಯಿಂದ ಒಂದೊಂದೇ ಚುಕ್ಕೆಯನ್ನು ತೋರಿಸಿದ. ‘ಇಂಥದ್ದರಿಂದ ಕಂಪ್ಯೂಟರು ತಪ್ಪು ಕಲಿಯುತ್ತದೆ.’

ಸಂಖ್ಯೆಯ ಹಿಂದಿನ ಮನುಷ್ಯ ಯಾರೆಂದು ಹೇಳುವಂತಿಲ್ಲ, ಅದು ನಮ್ಮ ಕೆಲಸದ ನಿಯಮ. ನನ್ನ ತಾಯಿಯ ತಮ್ಮನ ಎದೆಯನ್ನು ಕಡ್ಡಿಯಿಂದ ಚುಚ್ಚಿ ಚುಚ್ಚಿ ತೋರಿಸುತ್ತಿದ್ದರೆ ಸುಮ್ಮನೆ ಕೂರುವುದು ಎಂಥದ್ದು ಎಂದು ಅವತ್ತು ಗೊತ್ತಾಯಿತು.

ಆಮೇಲೆ ಪಾಠ. ಅವರ ವಿದ್ಯಾರ್ಥಿಯೊಬ್ಬನ ಕಫ ಕೊಟ್ಟು ಸ್ಲೈಡು ಮಾಡಲು ಹೇಳಿದರು. ಬಳ್ಳಾರಿಯಲ್ಲಿ ಮಾಡುವಂತೆಯೇ ಮಾಡಿದೆ, ಒಂದು ಹೆಜ್ಜೆಯನ್ನೂ ಬದಲಿಸಲಿಲ್ಲ. ಪರದೆಯ ಮೇಲೆ ಅದು ತೊಳೆದಿಟ್ಟ ತಟ್ಟೆಯ ಹಾಗೆ ಬಂತು.

‘ಕಂಡಿರಾ? ಎಷ್ಟು ಬೇಗ ಕಲಿತಿರಿ!’ ಎಂದ ಮಾರೆಕ್.

‘ನಾನು ಕಲಿಯಲಿಲ್ಲ. ಈ ಹುಡುಗ ಅದಿರು ಹೊತ್ತಿಲ್ಲ, ಅಷ್ಟೆ.’

ಅವನ ಮುಖದ ನಗು ಸ್ವಲ್ಪ ಸಣ್ಣದಾಯಿತು. ‘ಇಲ್ಲಿ ಮಾಮೂಲಿ ಸೂಕ್ಷ್ಮದರ್ಶಕ ಇದೆಯಾ?’ ಎಂದು ಕೇಳಿದೆ. ಇತ್ತು, ಮೂಲೆಯಲ್ಲಿ, ಹೊದಿಕೆ ಹೊದ್ದುಕೊಂಡು. ಅವರ ಯಂತ್ರ ಚಿತ್ರ ತೆಗೆಯುವುದು ಒಂದೇ ಆಳದಲ್ಲಿ. ಕಣ್ಣಿಂದ ನೋಡುವವರು ತಿರುಪು ತಿರುಗಿಸಿ ಮೇಲೆ ಕೆಳಗೆ ಹೋಗಬಹುದು. ಮೇಲೆ ಬಿದ್ದ ಕಸವಾದರೆ ಕಸ ಸ್ಪಷ್ಟವಾದಾಗ ಕೋಶ ಮಸುಕಾಗುತ್ತದೆ, ಕೋಶ ಸ್ಪಷ್ಟವಾದಾಗ ಕಸ ಮಸುಕಾಗುತ್ತದೆ. ಒಳಗೇ ಇದ್ದರೆ ಎರಡೂ ಒಟ್ಟಿಗೆ ಕಾಣುತ್ತವೆ.

ಮಾವನ ಸ್ಲೈಡನ್ನು ಇಟ್ಟುಕೊಟ್ಟೆ. ಮಾರೆಕ್ ತಿರುಪು ತಿರುಗಿಸಿದ. ಮತ್ತೆ ತಿರುಗಿಸಿದ. ನಮ್ಮ ಎದೆಯೊಳಗೆ ಧೂಳನ್ನು ನುಂಗಲೆಂದೇ ಇರುವ ಕೋಶಗಳಿವೆ, ಗುಡಿಸುವವರಿದ್ದಂತೆ. ಮಾವನ ಆ ಕೋಶಗಳು ಕಂಠಮಟ್ಟ ನುಂಗಿ ಕೂತಿದ್ದವು.

‘ಕೆಲವು ಒಳಗಿರಬಹುದು’ ಎಂದ.

‘ಕೆಲವು?’

‘ಇದೊಂದು ಸ್ಲೈಡು, ಲೀಲಾ. ಉಳಿದವು?’

‘ಉಳಿದವನ್ನೂ ತಂದಿದ್ದೀನಿ. ಅದೇ ಕಫದ, ಬಣ್ಣ ಹಾಕದ ಜೋಡಿ ಸ್ಲೈಡುಗಳೂ ಇವೆ. ನಿಮ್ಮಲ್ಲಿ ಕಬ್ಬಿಣ ತೋರಿಸುವ ಬಣ್ಣ ಸಿಗುತ್ತಲ್ಲ?’

ಸಿಗುತ್ತದೆ, ಸೋಮವಾರ ನೋಡೋಣ ಎಂದ.

ಮನೆಗೆ ಬರುವ ದಾರಿಯಲ್ಲಿ ಕುರುಗೋಡಿಗೆ ಫೋನು ಮಾಡಿದೆ.

‘ಮಾವಾ, ಹೆಂಗದೀರಿ?’

‘ಇದ್ದಂಗ ಅದೀನವ್ವ. ಅಲ್ಲೆ ಚಳಿ ಭಾಳ ಐತಂತ? ಕಿವಿ ಕಟ್ಟಿಗ್ಯಂಡೀ ಇಲ್ಲ?’

‘ಕಟ್ಟಿಗ್ಯಂಡೀನ್ರಿ. ಮಾವಾ, ನಿಮ್ಮ ಕಫದಾಗಿನ ಕರೀ ಚುಕ್ಕಿನ ಇವರು ಕಸ ಅಂತಾರ್ರಿ.’

ಆ ಕಡೆ ಕೆಮ್ಮು. ಅದು ಮುಗಿಯುವವರೆಗೆ ಕಾದೆ.

‘ಕಸಾನ? ಅಲ್ಲವ್ವಾ, ಕಸ ಆಗಿದ್ರ ಕೆಮ್ಮಿದಾಗ ಹೊರಗ ಬಿದ್ದು ಹೋಗ್ತಿತ್ತು. ಇಷ್ಟು ವರ್ಷಾದ್ರೂ ಹೊಂಟಿಲ್ಲ ಅಂದ್ರ ಅದು ನಂದ ಆಗೇತಿ. ನಮ್ಮ ಮಾವಂದು ಅಂತ ಹೇಳು ಅವರಿಗೆ. ನಂದೇನ ಹರಕತ್ತಿಲ್ಲ.’

ಮಾವ ಒಪ್ಪಿದರೂ ನಾನು ಹೇಳಲಿಲ್ಲ, ನಿಯಮಕ್ಕೆ ಹೆದರಿ ಅಲ್ಲ. ಪಾಪ, ಅವಳ ಮಾವನಂತೆ ಎಂದು ಮಾರೆಕ್ ಕನಿಕರದಿಂದ ಒಪ್ಪುವುದು ನನಗೆ ಬೇಕಿರಲಿಲ್ಲ. ಕಣ್ಣಿಂದ ಕಂಡು ಒಪ್ಪಬೇಕಿತ್ತು.

ಭಾನುವಾರದ ಹುಳಿ ಸಾರು

ಭಾನುವಾರ ಉರ್ಶುಲಾ ನನಗಾಗಿ ಝುರೆಕ್ ಎಂಬ ಸಾರು ಮಾಡಿದರು. ರೈ ಎಂಬ ಗೋಧಿಯಂಥ ಧಾನ್ಯದ ಹಿಟ್ಟನ್ನು ದಿನಗಟ್ಟಲೆ ಹುಳಿ ಬರಿಸಿ ಮಾಡುವುದು. ವಾಸನೆಗೆ ನಮ್ಮ ಹುಳಿ ಅಂಬಲಿ ನೆನಪಾಗಿ ಬಾಯಲ್ಲಿ ನೀರು ಬಂತು. ಚಮಚ ಅದ್ದಿದರೆ ಒಳಗೆ ಹಂದಿ ಮಾಂಸದ ತುಂಡುಗಳು. ನಾನು ತಿನ್ನುವುದಿಲ್ಲ ಎಂದು ಫೋನಿಗೆ ಹೇಳಿದೆ. ಅನುವಾದ ಕೇಳಿದ ಉರ್ಶುಲಾ ಕಣ್ಣು ಒರೆಸಿಕೊಂಡು ನನ್ನ ಭುಜ ತಟ್ಟಿದರು. ಅದು ಏನು ಹೇಳಿತೋ ಇವತ್ತಿಗೂ ತಿಳಿಯದು. ಮಾಂಸ ಹಾಕದ ಸಾರನ್ನು ಬೇರೆ ಮಾಡಿಕೊಟ್ಟರು. ಅದಕ್ಕೆ ನಾನು ಚಟ್ನಿಪುಡಿ ಉದುರಿಸಿಕೊಂಡೆ. ಅವರೂ ಉದುರಿಸಿಕೊಂಡು, ಕೆಂಪಗಾಗಿ, ಮತ್ತೆ ಕೇಳಿ ಹಾಕಿಸಿಕೊಂಡರು.

ಊಟವಾದ ಮೇಲೆ ನನ್ನ ಕೆಲಸವೇನು ಎಂದು ಕೇಳಿದರು. ಫೋನಿನಲ್ಲಿದ್ದ ಚಿತ್ರ ತೋರಿಸಿದೆ, ಕೋಶ ಮತ್ತು ಕಪ್ಪು ಚುಕ್ಕೆ. ಅವರು ನಗಲಿಲ್ಲ. ಎದ್ದು ಹೋಗಿ, ನಾನು ದಿನವೂ ತೊಡುತ್ತಿದ್ದ ಕೋಟಿನ ತೋಳನ್ನು ಹಿಡಿದುಕೊಂಡು ನಿಂತರು.

ಗಂಡ ಕಲ್ಲಿದ್ದಲ ಗಣಿಯಲ್ಲಿದ್ದವರು. ಕೊನೆಕೊನೆಗೆ ಮೆಟ್ಟಿಲು ಹತ್ತಲಾಗದೆ ಕೆಳಗಿನ ಕೋಣೆಯಲ್ಲೇ ಇದ್ದರಂತೆ. ಇದು ಸಿಗರೇಟಿನ ಎದೆ ಎಂದು ವೈದ್ಯರೊಬ್ಬರು ಹೇಳಿದರಂತೆ.

‘ಅವನು ಒಂದು ದಿನವೂ ಸಿಗರೇಟು ಸೇದಲಿಲ್ಲ’ ಎಂದರು ಉರ್ಶುಲಾ. ಸಿಟ್ಟು ಬಂದಿದ್ದಕ್ಕೆ ಮಾತು ಮತ್ತೆ ಅವರ ಸೀಮೆಯದಾಯಿತು, ಫೋನು ಸುಮ್ಮನಾಯಿತು. ನನಗೆ ಅನುವಾದ ಬೇಕಾಗಲಿಲ್ಲ.

ಅವತ್ತು ನನ್ನ ತಲೆಗೆ ಒಂದು ಪ್ರಶ್ನೆ ಹೊಕ್ಕಿತು. ಈ ಊರಿನ ಗಣಿಯವರೂ ಈ ಯೋಜನೆಗೆ ಕಫ ಕೊಟ್ಟಿರಬೇಕಲ್ಲ. ಅವರ ಚಿತ್ರಗಳು ಎಲ್ಲಿವೆ?

ನೀಲಿ

ಕಬ್ಬಿಣವಿದ್ದ ಕಡೆ ನೀಲಿಯಾಗುವ ಪರೀಕ್ಷೆ ಬಹಳ ಹಳೆಯದು, ಯಾವ ಕಂಪ್ಯೂಟರೂ ಬೇಕಿಲ್ಲ. ಸೋಮವಾರ ಅದಿರಿನವರ ಜೋಡಿ ಸ್ಲೈಡುಗಳನ್ನು ಅದರಲ್ಲಿ ಅದ್ದಿದೆವು. ಮೊದಲು ಮಾರೆಕ್ ನೋಡಲಿ ಎಂದು ನಾನು ದೂರ ನಿಂತೆ.

ಅವನು ತಲೆ ಎತ್ತಲಿಲ್ಲ. ‘ಬಂದು ನೋಡಿ’ ಎಂದ.

ಪ್ರತಿ ಕಪ್ಪು ಚುಕ್ಕೆಯ ಸುತ್ತಲೂ ನೀಲಿ ಹರಡಿತ್ತು. ಬಂದು ಸೇರಿದ ಅದಿರನ್ನು ಅರಗಿಸಿಕೊಳ್ಳಲು ದೇಹ ವರ್ಷಗಟ್ಟಲೆ ಹೆಣಗಿದ ಗುರುತು ಅದು. ಸ್ಲೈಡಿನ ಮೇಲೆ ನಿನ್ನೆ ಮೊನ್ನೆ ಕೂತ ಧೂಳಿಗೆ ಹಾಗೆ ನೀಲಿ ಹಬ್ಬುವುದಿಲ್ಲ. ಕುರುಗೋಡಿನ ಕಲ್ಲಿನ ಪುಡಿ ನೀಲಿಯಾಗದು. ಅದನ್ನು ಬೇರೆ ಬಗೆಯ ಬೆಳಕಿನಲ್ಲಿ ನೋಡಿದೆವು. ಕೋಶದ ಹೊಟ್ಟೆಯಲ್ಲೇ ಬಳೆಚೂರಿನಂತೆ ಮಿಣುಕಿತು.

ಸಿರುಗುಪ್ಪದ ಪೆಟ್ಟಿಗೆ ತೆರೆದಾಗ ನನ್ನ ಹುಮ್ಮಸ್ಸು ಇಳಿಯಿತು. ತಿರುಪು ತಿರುಗಿಸಿದರೆ ಬತ್ತದ ಹೊಟ್ಟಿನ ಚೂರುಗಳು ಕೋಶಗಳ ಮೇಲೆ ತೇಲುತ್ತಿದ್ದವು. ಒಳಗೂ ಏನೋ ಇತ್ತು, ಆದರೆ ಮೇಲಿನದು ಅದನ್ನು ಮುಚ್ಚಿತ್ತು. ಗಿರಣಿಯ ಅಂಗಳದಲ್ಲೇ ಕಫ ತೆಗೆದುಕೊಂಡಿದ್ದೆವು, ಗಾಳಿ ತನ್ನ ಕೆಲಸ ಮಾಡಿತ್ತು. ಕೊಡುವಾಗ ಹುಲಿಗೆಮ್ಮ ಎಂಬ ಗಿರಣಿಯ ಹೆಣ್ಣುಮಗಳು, ‘ಅಕ್ಕಾರ, ನಮ್ಮ ಉಗುಳು ನೋಡಿ ಕಂಪ್ಯೂಟರಿಗೆ ವಾಂತಿ ಬರಂಗಿಲ್ಲೇನ್ರಿ?’ ಎಂದು ಕೇಳಿ ಎಲ್ಲರನ್ನೂ ನಗಿಸಿದ್ದು ಕಣ್ಣಿಗೆ ಕಟ್ಟಿತು.

ಪೆಟ್ಟಿಗೆಯನ್ನು ನಾನೇ ಪಕ್ಕಕ್ಕೆ ಸರಿಸಿದೆ. ‘ಇವು ನಿಜವಾಗಿ ಕೊಳಕು. ತೆಗೆದುಹಾಕಿ.’

ಮಾರೆಕ್ ಅಚ್ಚರಿಯಿಂದ ನೋಡಿದ. ‘ಇದಕ್ಕೂ ಜಗಳ ಮಾಡುತ್ತೀರಿ ಅಂದುಕೊಂಡಿದ್ದೆ.’

‘ಕಸವನ್ನು ಕಸ ಅನ್ನೋಕೆ ನನಗೇನೂ ಕಷ್ಟ ಇಲ್ಲ’ ಎಂದೆ.

ಕೊನೆಯ ಸಭೆ

ಕೊನೆಯ ದಿನ ಬೇರೆ ಬೇರೆ ದೇಶದವರು ಪರದೆಯ ಮೇಲೆ ಕಿಟಕಿ ಕಿಟಕಿಯಾಗಿ ಬಂದು ಕೂತರು. ಸೂಟ್‌ಕೇಸು ಅಷ್ಟೊತ್ತಿಗೆ ಸಿಕ್ಕಿತ್ತು. ಇಳಕಲ್ ಸೀರೆ ಉಟ್ಟು, ಮೇಲೆ ಅದೇ ಕೋಟು ಹಾಕಿಕೊಂಡು ಹೋದೆ.

ಮಾರೆಕ್ ನೀಲಿ ಚಿತ್ರಗಳನ್ನು ತೋರಿಸಿದ, ನಾನು ಹೇಳಿದ್ದೇ ಸರಿ ಎಂದು ಎಲ್ಲರ ಎದುರು ಒಪ್ಪಿಕೊಂಡ. ಅದಾದ ಮೇಲೆ ಅವನ ಸಲಹೆ ಬಂತು. ಬಳ್ಳಾರಿಯ ಚಿತ್ರಗಳನ್ನು ಬೇರೆ ಕಡತದಲ್ಲಿ ಇಡೋಣ. ಕಂಪ್ಯೂಟರಿಗೆ ಮೊದಲು ಸಾಮಾನ್ಯ ಶ್ವಾಸಕೋಶ ಕಲಿಸಿ ಬಿಡುಗಡೆ ಮಾಡೋಣ. ವಿಶೇಷ ಪ್ರಕರಣಗಳನ್ನು ಮುಂದೆಂದಾದರೂ ನೋಡಿಕೊಳ್ಳೋಣ.

‘ಯಾರಿಗೆ ಸಾಮಾನ್ಯ?’ ಎಂದೆ.

‘ತಪ್ಪು ತಿಳಿಯಬೇಡಿ. ಹೊಸ ಗುಂಪು ಸೇರಿಸಿದರೆ ಎಲ್ಲ ಚಿತ್ರಗಳನ್ನೂ ಮತ್ತೆ ನೋಡಿ ಗುರುತು ಹಾಕಬೇಕು. ತಿಂಗಳುಗಟ್ಟಲೆ ಕೆಲಸ.’

‘ನಾಳೆ ಇದೇ ಕಂಪ್ಯೂಟರನ್ನ ಬಳ್ಳಾರಿಗೆ ಕಳಿಸ್ತೀರಿ. ನಮ್ಮವರ ಎದೆ ನೋಡಿ ಅದು ಸ್ಲೈಡು ಕೊಳಕು ಅನ್ನುತ್ತೆ. ರೋಗಿ ವಾಪಸ್ ಮನೆಗೆ ಹೋಗ್ತಾನೆ. ನಮ್ಮ ಜನ ನಿಮ್ಮ ಕಲಿಕೆಗೆ ಕಫ ಕೊಟ್ಟಿದ್ದಾರೆ, ಉಗ್ರಾಣಕ್ಕೆ ಕೊಟ್ಟಿಲ್ಲ. ಎಲ್ಲರ ಜೊತೆ ಸಮವಾಗಿ ಸೇರಿಸಿಕೊಳ್ಳಿ. ಆಗಲ್ಲ ಅಂದರೆ ಒಂದು ಚಿತ್ರವನ್ನೂ ಬಿಡದೆ ವಾಪಸ್ ತಗೊಳ್ತೀನಿ. ಹಾಗೆ ತಗೊಳ್ಳುವ ಹಕ್ಕು ಕಫ ಕೊಟ್ಟವರಿಗಿದೆ.’

ಕಿಟಕಿಯೊಂದರಿಂದ ಯಾರೋ ಬೇಸರದಿಂದ ಉಸಿರುಬಿಟ್ಟರು. ಒಂದು ಊರಿಗಾಗಿ ಎಲ್ಲರ ಕೆಲಸ ನಿಲ್ಲಿಸಬೇಕೇ ಎಂದರು.

‘ಒಂದೇ ಊರಾ?’ ಎಂದು ಮಾರೆಕ್ ಕಡೆ ತಿರುಗಿದೆ. ‘ತಿರಸ್ಕರಿಸಿದ ಕಡತದಲ್ಲಿ ಕಟೊವಿತ್ಸೆಯವರು ಇದ್ದಾರಾ ನೋಡಿದ್ದೀರಾ?’

ನೋಡಿರಲಿಲ್ಲ. ಎಸೆದದ್ದನ್ನು ಯಾರು ತೆರೆದು ನೋಡುತ್ತಾರೆ? ಅಲ್ಲೇ, ಎಲ್ಲರೂ ಕಾಯುತ್ತಿರುವಾಗಲೇ, ತೆರೆದು ಹುಡುಕಿದ. ಒಂದು ಚಿತ್ರ ಬಂತು. ಇನ್ನೊಂದು. ಆಮೇಲೆ ಪರದೆ ತುಂಬ ಬಂದವು. ಎಲ್ಲ ಅದೇ ಊರಿನ ಗಣಿಯವರದು, ಕೋಶ ತುಂಬ ಕಪ್ಪು, ಪ್ರತಿಯೊಂದರ ಕೆಳಗೂ ಒಂದೇ ಷರಾ: ಕೊಳಕು ಸ್ಲೈಡು. ಬಹುಪಾಲು ಸ್ಲೈಡುಗಳನ್ನು ಮಾರೆಕ್‌ನ ಪ್ರಯೋಗಾಲಯದಲ್ಲೇ ಮಾಡಿದ್ದು. ಅಲ್ಲಿ ಶುಚಿಯ ಪಾಠ ಯಾರಿಗೂ ಬೇಕಿರಲಿಲ್ಲ.

ಅವನು ಒಂದೆರಡನ್ನು ದೊಡ್ಡದು ಮಾಡಿ ನೋಡಿದ. ಆಮೇಲೆ, ನನಗೆ ಮಾತ್ರ ಕೇಳುವಷ್ಟು ಮೆಲ್ಲಗೆ, ‘ನನ್ನ ಅಜ್ಜ ಗಣಿಯಲ್ಲಿದ್ದ’ ಎಂದ.

‘ಬಿಡುಗಡೆ ಈಗ ಬೇಡ’ ಎಂದು ಕಿಟಕಿಗಳಿಗೆ ಹೇಳಿದ. ಒಬ್ಬರು ಸಿಟ್ಟಿನಿಂದ ಪರದೆ ಆರಿಸಿಕೊಂಡು ಹೋದರು. ಉಳಿದವರು ಒಪ್ಪಿದರು. ಧೂಳು ನುಂಗಿದ ಕೋಶ ಎಂಬ ಹೊಸ ಗುಂಪು ಸೇರಿತು. ಅದರ ಗುರುತು ಹಾಕುವ ಕೆಲಸ ನನ್ನ ತಲೆಗೇ ಬಂತು. ಅದರ ಬಗ್ಗೆ ಮಾತ್ರ ನಾನು ಜಗಳ ಮಾಡಲಿಲ್ಲ.

ಹೊರಡುವ ಮುನ್ನ ಕೋಟನ್ನು ಉರ್ಶುಲಾಗೆ ಹಿಂದಿರುಗಿಸಿದೆ. ಅವರ ಗಂಡನಂಥವರ ಎದೆಯನ್ನು ಇನ್ನು ಮೇಲೆ ಕಸವೆಂದು ಎಸೆಯುವುದಿಲ್ಲವಂತೆ ಎಂದು ಫೋನಿನಲ್ಲಿ ಹೇಳಿದೆ. ಅನುವಾದ ಸರಿಯಾಗಿಯೇ ಬಂದಿರಬೇಕು. ಈ ಸಲ ಅವರು ಭುಜ ತಟ್ಟಲಿಲ್ಲ, ತಬ್ಬಿಕೊಂಡರು.

ಸಿರುಗುಪ್ಪ

ಊರಿಗೆ ಬಂದು ಮೊದಲು ಹೋದದ್ದು ಸಿರುಗುಪ್ಪಕ್ಕೆ. ನಡೆದದ್ದನ್ನೆಲ್ಲ ಹುಲಿಗೆಮ್ಮನಿಗೆ ಹೇಳಿದೆ.

‘ಅಂದ್ರ ನಾವಷ್ಟ ಫೇಲ್ ಏನ್ರಿ ಅಕ್ಕಾರ?’

‘ನೀವಲ್ಲ, ನಾನು ತಗೊಂಡ ಜಾಗ ಫೇಲು. ಅಂಗಳದಾಗ ತಗೊಂಡಿದ್ದಕ್ಕ ಹೊಟ್ಟು ಹಾರಿ ಬಿದ್ದಿತ್ತು. ಈ ಸಲ ದವಾಖಾನಿಗೆ ಬರ್ರಿ.’

‘ದವಾಖಾನಿಗೆ ಯಾಕ್ರಿ? ಕದ್ದು ಮರಿಯಾಗ ನಿಂತು ಕೆಮ್ಮಿ ಕೆಮ್ಮಿ ಸಾಕಾಗೇತಿ. ಗಿರಣಿ ಎದರಿಗೆ, ರೋಡ್ ಆಚಿಗೆ ಬೇವಿನ ಗಿಡ ಐತಲ್ಲ, ಅದರ ಕೆಳಗ ತಗೋರಿ. ಅಲ್ಲಿತನ ಹೊಟ್ಟು ಬರಂಗಿಲ್ಲ. ಮಾಲಕಗ ಮಾತ್ರ ಚೆಂದಾಗಿ ಕಾಣತೈತಿ.’

ಮರುದಿನ ಬೆಳಿಗ್ಗೆ, ಗಿರಣಿ ಶುರುವಾಗುವ ಮೊದಲು, ಹೆಣ್ಣುಮಕ್ಕಳು ಬೇವಿನ ಕೆಳಗೆ ಸಾಲಾಗಿ ನಿಂತರು. ನಾನು ಡಬ್ಬಿಗಳನ್ನು ಹಂಚಿದೆ. ಹುಲಿಗೆಮ್ಮ ಎಲ್ಲರಿಗಿಂತ ಮುಂದೆ ಇದ್ದಳು. ಮಾಲೀಕ ಗೇಟಿನಲ್ಲಿ ನಿಂತು ಸ್ವಲ್ಪ ಹೊತ್ತು ನೋಡಿ, ರಸ್ತೆ ದಾಟಿ ಬಂದ.

‘ಏನ್ರಿ ಡಾಕ್ಟರ್, ಏನ್ ನಡಸೀರಿ ಇಲ್ಲೆ?’

ನಾನು ಬಾಯಿ ತೆರೆಯುವಷ್ಟರಲ್ಲಿ ಹುಲಿಗೆಮ್ಮ ಕೈಯೆತ್ತಿ ತಡೆದಳು. ಎದೆಯ ಆಳದಿಂದ ಕೆಮ್ಮಿದಳು, ಅವಸರ ಮಾಡದೆ. ಡಬ್ಬಿಗೆ ಉಗುಳಿ, ಮುಚ್ಚಳ ಬಿಗಿದು, ನನ್ನ ಕೈಗೆ ಕೊಟ್ಟು, ಸೆರಗಿನಿಂದ ಬಾಯಿ ಒರೆಸಿಕೊಂಡಳು.

‘ನಿಮ್ಮ ಗಿರಣಿ ನಮ್ಮ ಎದಿಯಾಗ ಎಷ್ಟು ಐತಿ ಅಂತ ನೋಡಾಕತ್ತೀವ್ರಿ, ಸಾವ್ಕಾರ್ರ’ ಎಂದಳು. ಆಮೇಲೆ ಅವನ ಕಡೆ ಬೆನ್ನು ತಿರುಗಿಸಿ ಹಿಂದಿದ್ದವಳನ್ನು ಕರೆದಳು:

‘ಈರಮ್ಮಾ, ಬಾರೇ, ನಿನ್ನ ಪಾಳಿ.’